ಆಡೇಶಿಯಸ್ ಮಾಪಣ್ಣ

ನಮ್ಮ ಕಾಲೇಜಿಗೆ ಹೊಸದಾಗಿ ಸೇರಿದವರಿಗೆ ಮೊದಲ ಸೋಮವಾರವೇ ಒಂದು ಪರೀಕ್ಷೆ ಇರುತ್ತಿತ್ತು. ಸ್ಟಾಫ್ ರೂಮಿನ ಉದ್ದನೆಯ ಮೇಜಿನ ಮೇಲೆ ಕಮಲಾಪುರದ ಕೆಂಪು ಬಾಳೆಯ ಎರಡು ಚಿಪ್ಪು ಇಟ್ಟಿರುತ್ತಿದ್ದರು. ಸಿಪ್ಪೆ ಕೆಂಪಗೆ ಮಿರಮಿರ ಹೊಳೆಯುತ್ತಿದ್ದರೆ ಯಾರಿಗಾದರೂ ಅದು ಹಣ್ಣೇ ಅನ್ನಿಸುತ್ತದೆ. "ತಗೊಳ್ರಿ, ತಗೊಳ್ರಿ, ನಾಚ್ಕೋಬ್ಯಾಡ್ರಿ" ಎಂದು ಎಲ್ಲರೂ ಒತ್ತಾಯ ಮಾಡುತ್ತಿದ್ದರು. ಹೊಸಬರು ಜಗ್ಗಾಡಿ ಸಿಪ್ಪೆ ಸುಲಿದು ಒಂದು ತುಂಡು ಕಚ್ಚಿದರೆ ಮುಗಿಯಿತು, ಬಾಯೆಲ್ಲ ಒಗರು, ನಾಲಗೆಗೆ ಸೀಮೆಸುಣ್ಣ ಮೆತ್ತಿದ ಹಾಗೆ. ಆಗ ಸ್ಟಾಫ್ ರೂಮಿಗೆ ಸ್ಟಾಫ್ ರೂಮೇ ಬಿದ್ದು ಬಿದ್ದು ನಗುವುದು. ಕಮಲಾಪುರದ ಬಾಳೆ ಕಾಯಿದ್ದಾಗಲೂ ಕೆಂಪು, ಹಣ್ಣಾದಾಗಲೂ ಕೆಂಪು. ಅದುಮಿ ನೋಡಬೇಕೇ ಹೊರತು ಬಣ್ಣ ನೋಡಿ ಬಾಯಿಗೆ ಹಾಕಬಾರದು. ನಾನು, ಅಂದರೆ ಇಂಗ್ಲಿಷ್ ಪಾಠ ಮಾಡುವ ಸುನಂದಾ, ನನ್ನ ಮೊದಲ ಸೋಮವಾರ ಹಾಗೇ ಬಾಯಿಗೆ ಹಾಕಿದವಳು.

ಆ ಬಾಳೆ ತರುತ್ತಿದ್ದವನು ಮಾಪಣ್ಣ, ಲೈಬ್ರರಿಯ ಅಟೆಂಡರ್. ಪ್ರತಿ ಭಾನುವಾರ ಕಮಲಾಪುರಕ್ಕೆ ಬಸ್ಸಿನಲ್ಲಿ ಹೋಗಿ ಬಾಳೆ ತರುವನು, ಸೋಮವಾರ ಮೇಜಿನ ಮೇಲಿಟ್ಟು "ಬುಧವಾರ ತಿನ್ರಿ" ಎಂದಷ್ಟೇ ಹೇಳಿ ಹೋಗುವನು. ಲೈಬ್ರೇರಿಯನ್ ಬುರ್ಹಾನುದ್ದೀನ್ ಸಾಹೇಬರು ಅವನ್ನು ಒಯ್ದು ಹಳೆಯ ಪೇಪರುಗಳ ಕಟ್ಟಿನ ನಡುವೆ ಮುಚ್ಚಿಡುತ್ತಿದ್ದರು. ಬುಧವಾರ ಎಲ್ಲರಿಗೂ ಹಣ್ಣು. ಈತ ವಾರ ವಾರ ಕಮಲಾಪುರಕ್ಕೆ ಯಾಕೆ ಹೋಗುತ್ತಾನೆ, ಕಾಯಿಯನ್ನೇ ಯಾಕೆ ತರುತ್ತಾನೆ ಎಂದು ಯಾರೂ ಕೇಳಲಿಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೆ ಮೂಲ ಹುಡುಕುವವರು ಯಾರು? ಶಬ್ದಗಳ ಮೂಲ ಹುಡುಕುವುದೇ ಚಟವಾದ ನನಗೂ ಬಾಳೆಯ ಮೂಲ ಹುಡುಕಬೇಕು ಅನ್ನಿಸಿರಲಿಲ್ಲ.

ಮಾಪಣ್ಣನಷ್ಟು ಅಂಜುಬುರುಕ ಮನುಷ್ಯನನ್ನು ನಾನು ಕಂಡಿಲ್ಲ. ಖಾಲಿ ಕೋಣೆಗೆ ಹೋಗುವಾಗಲೂ ಬಾಗಿಲು ಬಡಿಯುತ್ತಿದ್ದ. ಲೈಬ್ರರಿಯ ಕಪಾಟು ತೆಗೆಯುವ ಮುಂಚೆ ಒಮ್ಮೆ ಬೆರಳಿನಿಂದ ಟಕ್ ಅನ್ನಿಸುವುದನ್ನು ನಾನೇ ನೋಡಿದ್ದೇನೆ. ಒಳಗೆ ಪುಸ್ತಕಗಳು ಬಟ್ಟೆ ಬದಲಿಸುತ್ತಿರುತ್ತವೇನೋ! ಜಗತ್ ಸರ್ಕಲ್‌ನಲ್ಲಿ ರಸ್ತೆ ದಾಟಬೇಕೆಂದರೆ ಯಾರಾದರೂ ಮುದುಕಿಯೋ ಎಮ್ಮೆಯೋ ದಾಟುವವರೆಗೆ ಕಾದು, ಅದರ ಮರೆಯಲ್ಲಿ ದಾಟುವನು. ಕುಸನೂರಿನಲ್ಲಿ ಅಣ್ಣ ಸೂಗಪ್ಪನ ಮನೆಯಲ್ಲಿ ಇರುತ್ತಿದ್ದ. ಬ್ರಹ್ಮಚಾರಿ ಎಂದು ನಾವೆಲ್ಲ ತಿಳಿದಿದ್ದೆವು. ದೇವರಂಥ ಮನುಷ್ಯ, ಬಾಯಲ್ಲಿ ಬೆರಳಿಟ್ಟರೆ ಕಚ್ಚುವುದಿಲ್ಲ ಎಂದು ಹೊಗಳುತ್ತಿದ್ದೆವು. ಬರುವ ತಿಂಗಳು ಅವನು ರಿಟೈರ್ ಆಗುವುದಿತ್ತು. ಅಣ್ಣ ಕುಸನೂರಿನಲ್ಲಿ ಕಿರಾಣಿ ಅಂಗಡಿ ಹಾಕಿದ್ದ. ಇನ್ನು ಮುಂದೆ ಮಾಪಣ್ಣ ಅದರಲ್ಲಿ ಕೂಡಬೇಕೆಂದು ಅಣ್ಣನೇ ತೀರ್ಮಾನಿಸಿದ್ದ.

ಈ ಸಲದ ಗ್ಯಾದರಿಂಗ್‌ನಲ್ಲಿ ಮಾಪಣ್ಣನಿಗೆ ಫಿಶ್‌ಪಾಂಡ್ ಬಿತ್ತು.

ನಮ್ಮ ಕಡೆಯ ಕಾಲೇಜುಗಳಲ್ಲಿ ಓದಿದವರಿಗೆ ಫಿಶ್‌ಪಾಂಡ್ ಏನೆಂದು ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ವರ್ಷದ ಕೊನೆಯ ಗ್ಯಾದರಿಂಗ್‌ಗೆ ಮುಂಚೆ ಒಂದು ಡಬ್ಬಿ ಇಡುತ್ತಾರೆ. ಯಾರು ಬೇಕಾದರೂ ಯಾರಿಗೆ ಬೇಕಾದರೂ ಒಂದು ಬಿರುದು ಬರೆದು, ತಮ್ಮ ಹೆಸರು ಹಾಕದೆ, ಆ ಡಬ್ಬಿಗೆ ಹಾಕಬಹುದು. ಗ್ಯಾದರಿಂಗ್ ದಿನ ವೇದಿಕೆಯ ಮೇಲೆ ಅವನ್ನು ಓದುತ್ತಾರೆ. ಪ್ರಿನ್ಸಿಪಾಲರಿಗೂ ಬೀಳುತ್ತದೆ, ಜವಾನನಿಗೂ ಬೀಳುತ್ತದೆ. ಬಿದ್ದವರು ನಕ್ಕು ಸುಮ್ಮನಾಗಬೇಕು, ಅದೇ ಅದರ ಕಾನೂನು. ಉತ್ತರ ಕೊಡುವ ಪದ್ಧತಿಯೇ ಇಲ್ಲ.

ಓದುತ್ತಿದ್ದವನು ಕೊನೆಯ ವರ್ಷದ ತಾರಿಖ್, ಮಾತಿನ ಮಲ್ಲ. ಒಂದು ಚೀಟಿ ಬಿಚ್ಚಿ, ಮೈಕಿಗೆ ಬಾಯಿ ಹಚ್ಚಿ, "ಲೈಬ್ರರಿ ಮಾಪಣ್ಣ ಕಾಕಾಗ, ದ ಮೋಸ್ಟ್ ಆಡೇಶಿಯಸ್ ಮ್ಯಾನ್ ಇನ್ ಗುಲ್ಬರ್ಗಾ!" ಎಂದು ಕೂಗಿದ. ಅರ್ಥ ಗೊತ್ತಿದ್ದವರು ನಕ್ಕರು. ಅವರು ನಕ್ಕದ್ದು ನೋಡಿ ಅರ್ಥ ಗೊತ್ತಿಲ್ಲದವರು ಇನ್ನೂ ಜೋರಾಗಿ ನಕ್ಕರು. ಕಪಾಟಿನ ಬಾಗಿಲು ಬಡಿಯುವ ಮನುಷ್ಯನಿಗೆ ಎಂಟೆದೆಯ ಬಂಟ ಎಂಬ ಬಿರುದು! ನಾನೂ ನಕ್ಕೆ, ಯಾಕೆ ಸುಳ್ಳು ಹೇಳಲಿ.

ಆಗ ಹಿಂದಿನ ಬಾಗಿಲ ಬಳಿ ನೀರಿನ ಜಗ್ಗು ಹಿಡಿದು ನಿಂತಿದ್ದ ಮಾಪಣ್ಣ ನಡುವಿನ ದಾರಿಯಲ್ಲಿ ಮುಂದೆ ನಡೆದು ಬಂದ. ಜಗ್ಗು ಇನ್ನೂ ಕೈಯಲ್ಲೇ ಇತ್ತು. ವೇದಿಕೆಯ ಕೆಳಗೆ ನಿಂತು ಕತ್ತೆತ್ತಿ ಕೇಳಿದ: "ತಮ್ಮಾ, ಹಂಗಂದ್ರ ಏನು?"

ತಾರಿಖ್‌ನ ನಾಲಗೆ ತೊದಲಿತು. "ಅಂದ್ರ ಕಾಕಾ... ಭಾಳ ಡೇರಿಂಗ್ ಇದ್ದಂವ ಅಂತ."

"ಇದು ಖರೇ ಅಲ್ಲ," ಎಂದ ಮಾಪಣ್ಣ. ಮೈಕ್ ಇರಲಿಲ್ಲ, ಆದರೆ ಸಭಾಂಗಣಕ್ಕೆಲ್ಲ ಕೇಳಿಸಿತು. "ನಾ ಡೇರಿಂಗ್ ಅಲ್ಲ. ಇದನ್ನ ಬರದಂವ ನನ್ನ ನೋಡಿಲ್ಲ."

ಹಾಗೆಂದು ಜಗ್ಗನ್ನು ವೇದಿಕೆಯ ಅಂಚಿನಲ್ಲಿಟ್ಟು ಹೊರಗೆ ಹೋಗಿಬಿಟ್ಟ. ಸಭೆಗೆ ಗರ ಬಡಿದಂತಾಯಿತು. ಇಷ್ಟು ವರ್ಷದಲ್ಲಿ ಫಿಶ್‌ಪಾಂಡಿಗೆ ಒಬ್ಬರೂ ಎದುರು ಮಾತಾಡಿದ್ದಿಲ್ಲ. ಮೊದಲ ಬಾರಿಗೆ ಮಾತಾಡಿದವನು ನಮ್ಮ ಮಾಪಣ್ಣ! ನನ್ನ ಪಕ್ಕದಲ್ಲಿ ಕೂತಿದ್ದ ಬುರ್ಹಾನುದ್ದೀನ್ ಸಾಹೇಬರು ಬಾಯಲ್ಲಿದ್ದ ಸೋಂಪು ಅಗಿಯುವುದನ್ನೂ ಮರೆತು "ಯಾ ಅಲ್ಲಾ" ಎಂದರು.

ಮರುದಿನ ನಾನು ಲೈಬ್ರರಿಗೆ ಹೋದಾಗ ಸಾಹೇಬರು ಅವನನ್ನು ಸಮಾಧಾನ ಮಾಡುತ್ತಿದ್ದರು. "ಕೈಕೂ ದಿಲ್ ಪೇ ಲೇತೇ ಮಿಯಾಂ? ಮನಸ್ಸಿಗಿ ಹಚ್ಕೋಬ್ಯಾಡ. ಬಚ್ಚೇ ಹೈಂ." ಮಾಪಣ್ಣ ತಲೆ ಆಡಿಸುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. "ಮೇಡಂ, ಆ ಶಬ್ದ ತೋರಿಸ್ರಿ," ಎಂದ. ಅವನು ತನಗಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು.

ದೊಡ್ಡ ನಿಘಂಟನ್ನು ತೆಗೆದೆ. ಶಬ್ದದ ವಿಷಯ ಬಂದರೆ ನನಗೆ ಹೊತ್ತು ಗೊತ್ತು ಇರುವುದಿಲ್ಲ. ಮನೆಯಲ್ಲಿ ಅನ್ನ ಸೀದುಹೋದದ್ದೂ ಉಂಟು. ಆಡೇಶಿಯಸ್ ಅಂದರೆ ಎದೆಗಾರ, ಯಾರೂ ಮಾಡದ್ದನ್ನು ಮಾಡುವವನು ಎಂದೆ. ಆದರೆ ಅದೇ ಶಬ್ದವನ್ನು ಬೈಗುಳವಾಗಿಯೂ ಬಳಸುತ್ತಾರೆ. ಆಗ ಮೇರೆ ಮೀರಿದವನು, ದೊಡ್ಡವರು ಚಿಕ್ಕವರು ನೋಡದವನು, ಸೊಕ್ಕಿನವನು. ನಮ್ಮ ಕನ್ನಡದ 'ದಿಟ್ಟ'ದ ಕಥೆಯೂ ಇದೇ. ಅದು ಸಂಸ್ಕೃತದ 'ಧೃಷ್ಟ'ದಿಂದ ಬಂದದ್ದು, ಅಲ್ಲಿ ಅದಕ್ಕೆ ನಾಚಿಕೆಗೆಟ್ಟವನು ಎಂಬ ಅರ್ಥವೂ ಇದೆ. ನೀವೆಲ್ಲ ಬಾಯಿ ತೆರೆದರೆ ಡೇರಿಂಗ್ ಡೇರಿಂಗ್ ಅನ್ನುತ್ತೀರಲ್ಲ, ಆ 'ಡೇರ್' ಕೂಡ ಈ ಧೃಷ್ಟದ ದೂರದ ಬಳಗವೇ ಅಂತ ಭಾಷೆ ಬಲ್ಲವರು ಹೇಳುತ್ತಾರೆ. ಯಾವ ದೇಶಕ್ಕೆ ಹೋದರೂ ಅಷ್ಟೇ, ಧೈರ್ಯ ಮಾಡಿದವರಿಗೆ ಒಂದು ಕೈಯಲ್ಲಿ ಹಾರ, ಇನ್ನೊಂದು ಕೈಯಲ್ಲಿ ಚಪ್ಪಲಿ.

"ಒಂದ ಕೆಲಸ ಮಾಡಿದವರಿಗೆ ಎರಡೂ ಅಂತಾರೇನ್ರಿ?" ಎಂದ ಮಾಪಣ್ಣ.

"ಅಂತಾರ. ಯಾರು ಅನ್ನಾಕತ್ತಾರ ಅನ್ನೋದರ ಮ್ಯಾಲೆ ಅದ."

ನಾನು ಬಿಡಬೇಕಲ್ಲ, ಮುಂದುವರಿಸಿದೆ. ಶಬ್ದದ ಹಿಂದೆ ಹೋದರೆ ಲ್ಯಾಟಿನ್ ಸಿಗುತ್ತದೆ. ಅಲ್ಲಿ 'ಔದೇರೆ' ಅಂದರೆ ಧೈರ್ಯ ಮಾಡುವುದು. ಅದಕ್ಕೂ ಹಿಂದೆ ಹೋದರೆ 'ಅವಿದುಸ್' ಇದೆ, ಹಾಗೆಂದರೆ ಅತಿಯಾಸೆ ಇರುವವನು, ಏನನ್ನೋ ಬೇಕೇ ಬೇಕು ಎಂದು ಹಪಹಪಿಸುವವನು. ಇದೇ ಲೈಬ್ರರಿಯ ಗೋಡೆಯ ಮೇಲೆ 'ಅವಿಡ್ ರೀಡರ್' ಬಹುಮಾನದ ಬೋರ್ಡ್ ಇದೆಯಲ್ಲ, ನೀನು ವಾರಕ್ಕೊಮ್ಮೆ ಒರೆಸುತ್ತೀಯಲ್ಲ, ಆ ಅವಿಡ್ ಇದರ ಒಡಹುಟ್ಟು. ಓದಿನ ಹಸಿವಿನವನು ಎಂದು ಅರ್ಥ.

"ಅಂದ್ರ," ಎಂದು ಮಾಪಣ್ಣ ಬೋರ್ಡನ್ನು ನೋಡುತ್ತ ಕೇಳಿದ, "ಅಂಜಿಕಿ ಹೋದ ಮ್ಯಾಲೆ ಧೈರ್ಯ ಬರೂದಲ್ಲೇನ್ರಿ? ಆಸೆ ಇದ್ರ ಸಾಕೇನ್ರಿ?"

"ಶಬ್ದ ಹಂಗ ಹೇಳ್ತದಪ್ಪ. ಬೇಕು ಅನ್ನೋದು ದೊಡ್ಡದಾತಂದ್ರ ಅಂಜಿಕಿ ಇದ್ರೂ ಹೋಗ್ತಾರ."

"ನನಗ ಆಸೆ ಅದರೀ ಮೇಡಂ," ಎಂದ. ಆಮೇಲೆ, ಎಲ್ಲೋ ಪುಸ್ತಕದ ನಂಬರು ಹೇಳುವವನ ದನಿಯಲ್ಲಿ, "ನನ್ನ ಹೆಂಡ್ತಿ ಕಮಲಾಪುರದಾಗ ಅದಾಳ," ಎಂದ.

ನಿಘಂಟು ನನ್ನ ಕೈಯಿಂದ ಜಾರಿ ಮೇಜಿನ ಮೇಲೆ ದಪ್ಪೆಂದು ಬಿತ್ತು. ಬುರ್ಹಾನುದ್ದೀನ್ ಸಾಹೇಬರು ಕುರ್ಚಿಯಿಂದ ಅರ್ಧ ಎದ್ದವರು ಅರ್ಧದಲ್ಲೇ ನಿಂತರು. ಇವನ ಜೊತೆ ಒಂದೇ ಕೋಣೆಯಲ್ಲಿ ಇಪ್ಪತ್ತು ವರ್ಷ ಊಟದ ಡಬ್ಬಿ ಬಿಚ್ಚಿದವರು ಅವರು. ಅವರಿಗೂ ಗೊತ್ತಿರಲಿಲ್ಲ.

ಅವನು ಹೇಳಿದ್ದನ್ನು ಕೇಳಿ ನನಗಾದ ಆಘಾತ ಇನ್ನೂ ಇಳಿದಿಲ್ಲ. ಚಿಕ್ಕಂದಿನಲ್ಲಿ ತಂದೆತಾಯಿ ಹೋದ ಮೇಲೆ ಸಾಕಿದವನು ಅಣ್ಣ ಸೂಗಪ್ಪ. ಶಾಲೆಗೆ ಹಾಕಿದವನು, ಕೆಲಸ ಕೊಡಿಸಿದವನು, ಮದುವೆ ಮಾಡಿದವನೂ ಅಣ್ಣನೇ. ಆ ಮನೆಯಲ್ಲಿ ಅಣ್ಣ ಕೂತರೆ ಉಳಿದವರು ನಿಲ್ಲುವುದು. ಮಾಪಣ್ಣನ ಹೆಂಡತಿ ಸಾವಿತ್ರಿಬಾಯಿ ಕಮಲಾಪುರದವಳು. ಮದುವೆಯಾಗಿ ಎರಡು ವರ್ಷವಾಗಿರಬೇಕು, ಒಂದು ಮಧ್ಯಾಹ್ನ ಬೇಳೆಯಲ್ಲಿ ಉಪ್ಪು ಹೆಚ್ಚಾಯಿತೆಂದು ಅಣ್ಣ ತನ್ನ ಹೆಂಡತಿಯ ಮೇಲೆ ಕೈ ಎತ್ತಿದ. ಅದು ಆ ಮನೆಯಲ್ಲಿ ಹೊಸದೇನಲ್ಲ. ಹೊಸದೆಂದರೆ, ಎತ್ತಿದ ಕೈ ಕೆಳಗೆ ಇಳಿಯಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಸಾವಿತ್ರಿಬಾಯಿ ಎದ್ದು ಬಂದು, ಹಿಟ್ಟಿನ ಕೈಯಲ್ಲೇ ಭಾವನ ಮಣಿಕಟ್ಟು ಹಿಡಿದು ನಿಂತಿದ್ದಳು.

"ಹಿಡದ ಕೈ ಬಿಡಲಿಲ್ರಿ," ಎಂದ ಮಾಪಣ್ಣ. "ಅಣ್ಣನ ಕಣ್ಣಾಗ ಕಣ್ಣಿಟ್ಟು ನಿಂತಳು. ಅಣ್ಣ ಅಂದ, ಇಂಥ ಸೊಕ್ಕಿನ ಹೆಣ್ಣು ನನ್ನ ಮನ್ಯಾಗ ಇರಬಾರ್ದು, ಈಗಿಂದೀಗ ಬಿಟ್ಟು ಬಾ ಅಂದ."

"ಬಿಟ್ಟು ಬಾ ಅಂತ ಯಾರಿಗಿ ಅಂದ?" ಎಂದೆ.

"ನನಗ."

"ನೀ ಏನ್ ಮಾಡ್ದಿ?"

"ಟ್ರಂಕ್ ಹೊತ್ತೆ."

ಅವನೇ ಟ್ರಂಕ್ ಹೊತ್ತು ಕುಸನೂರಿನಿಂದ ಬಸ್ ಸ್ಟ್ಯಾಂಡಿಗೆ ನಡೆದಿದ್ದ. ಅವನೇ ಟಿಕೆಟ್ ತೆಗೆಸಿ ಕಿಟಕಿಯ ಬಳಿ ಕೂಡಿಸಿದ್ದ. ಬಸ್ಸು ಬಿಡುವಾಗ ಅವಳು ಕಿಟಕಿಯಿಂದ ಮುಖ ಹೊರಗೆ ಹಾಕಿ "ಏನರೆ ಅನ್ರಿ" ಎಂದಳಂತೆ. ಏನಾದರೂ ಒಂದು ಮಾತು. ಇರು ಅನ್ನಲಿ, ಹೋಗು ಅನ್ನಲಿ, ತಪ್ಪು ಅನ್ನಲಿ. ಇವನು ಪಕ್ಕದ ಗಾಡಿಯಿಂದ ಒಂದು ಚಿಪ್ಪು ಬಾಳೆ ತೆಗೆದುಕೊಂಡು ಕಿಟಕಿಯಲ್ಲಿ ಕೊಟ್ಟ. ಬಸ್ಸು ಹೋಯಿತು.

ನನ್ನ ಮೈ ಉರಿದುಹೋಯಿತು. "ಬಾಳಿಹಣ್ಣು ಕೊಟ್ಟು ಕಳಿಸ್ದೇನೋ? ಹೆಂಡ್ತಿ ಒಂದು ಮಾತು ಕೇಳಿದ್ರ ಬಾಳಿಹಣ್ಣು ಕೊಡ್ತಾರೇನೋ?" ಎಂದು ಲೈಬ್ರರಿಯಲ್ಲೇ ಕೂಗಿದೆ. ಓದುತ್ತಿದ್ದ ಹುಡುಗರು ತಲೆ ಎತ್ತಿದರು. ಮೂವತ್ತು ವರ್ಷ ಕಪಾಟಿನ ಬಾಗಿಲು ಬಡಿದರೆ ನಾವು ಅದನ್ನು ಒಳ್ಳೆಯತನ ಎಂದೆವು! ಇರುವೆಗೂ ದಾರಿ ಬಿಡುವವನು ಎಂದೆವು! ಒಬ್ಬ ಹೆಂಗಸಿನ ಬದುಕನ್ನು ಟ್ರಂಕಿನ ಜೊತೆ ಹೊತ್ತು ಬಸ್ಸಿಗೆ ಹಾಕಿ ಬಂದವನನ್ನು ದೇವರಂಥವನು ಎಂದೆವು! ನನಗೆ ಅವನನ್ನು ಬಡಿಯಬೇಕು ಅನ್ನಿಸಿತು. ಅವನು ಬಡಿಸಿಕೊಳ್ಳಲು ಸಿದ್ಧನಾದವನ ಹಾಗೆ ನಿಂತಿದ್ದ.

ಆಗ ಸಾಹೇಬರು ಮೆಲ್ಲಗೆ ಕೇಳಿದರು. "ಮಾಪಣ್ಣ, ಹರ್ ಐತ್ವಾರ್ ನೀ ಕಮಲಾಪುರಕ್ಕ ಹೋಗ್ತಿಯಲ್ಲ. ಆ ಬಾಳಿ ಮಾರಾಕಿ...?"

"ಆಕಿನೇ ರೀ."

ತವರಿನಲ್ಲಿ ತನ್ನ ತಾಯಿ ತೀರಿಕೊಂಡ ಮೇಲೆ ಸಾವಿತ್ರಿಬಾಯಿ ಬಸ್ ಸ್ಟ್ಯಾಂಡಿನ ಎದುರು ಹಣ್ಣಿನ ಬುಟ್ಟಿ ಇಟ್ಟಳು. ಆ ಸುದ್ದಿ ಕೇಳಿ ಇವನು ಒಂದು ಭಾನುವಾರ ಹೋದ. ಮಾತು ಹೊರಡಲಿಲ್ಲ. ಗಿರಾಕಿಯ ಹಾಗೆ ನಿಂತ, ಅವಳು ಅಂಗಡಿಯವಳ ಹಾಗೆ ಬಾಳೆ ಕೊಟ್ಟಳು. ಮುಂದಿನ ಭಾನುವಾರವೂ ಹಾಗೆಯೇ. ಆಮೇಲೆ ಪ್ರತಿ ಭಾನುವಾರವೂ ಹಾಗೆಯೇ. ಅಣ್ಣನಿಗೆ, ಕಾಲೇಜಿನ ಸಾಹೇಬರು ಹಣ್ಣು ತರಿಸುತ್ತಾರೆ ಎಂದು ಹೇಳಿದ್ದ. ಅಂದರೆ ನಮ್ಮ ಸ್ಟಾಫ್ ರೂಮೇ ಅವನ ನೆಪ. ರಿಟೈರ್ ಆದರೆ ನೆಪವೂ ಇಲ್ಲ, ಭಾನುವಾರವೂ ಇಲ್ಲ. ಅಣ್ಣನ ಅಂಗಡಿ ವಾರದ ಏಳೂ ದಿನ ತೆರೆದಿರುತ್ತದೆ.

"ಈ ಐತ್ವಾರ ಮಾತಾಡ್ತೀನ್ರಿ," ಎಂದ. "ನೀವು ಬರ್ರಿ ಮೇಡಂ. ನನಗ ಮಾತು ಬರಲಿಲ್ಲಂದ್ರ ನೀವ ಹೇಳ್ರಿ."

"ನಾ ಯಾಕ ಹೇಳ್ಲಿ? ಆಕಿ ಯಾರ ಹೆಂಡ್ತಿ?" ಎಂದು ಸಿಡುಕಿದೆ. ಆದರೂ ಭಾನುವಾರ ಐವಾನ್-ಎ-ಶಾಹಿಯ ನನ್ನ ಮನೆಯಿಂದ ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆ. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕೈಯಲ್ಲಿ ಅದೇ ಹಳೆಯ ನೈಲಾನ್ ಚೀಲ ಹಿಡಿದು ನಿಂತಿದ್ದ. ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವನ ತುಟಿ ಅಲ್ಲಾಡುತ್ತಿತ್ತು. ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದಾನೆ ಎಂದು ತಿಳಿಯಿತು. ಪರೀಕ್ಷೆಗೆ ಹೋಗುವ ಮಕ್ಕಳು ಹೀಗೇ ಮಾಡುತ್ತಾರೆ, ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಎಲ್ಲ ಮರೆಯುತ್ತಾರೆ.

ಕಮಲಾಪುರದಲ್ಲಿ ಬಸ್ಸು ನಿಲ್ಲುವಲ್ಲಿ ರಸ್ತೆಯ ಬದಿಗೆ ತಾಡಪತ್ರಿ ಕಟ್ಟಿದ ಸಾಲು ಇದೆ. ಎಲ್ಲೆಲ್ಲೂ ಕೆಂಪು ಬಾಳೆ. ಕೊನೆಯ ತಾಡಪತ್ರಿಯ ಕೆಳಗೆ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಳು ಬುರ್ಖಾದ ಮುಸುಕು ಹಿಂದೆ ಸರಿಸಿಕೊಂಡ ಚಾಂದಬಿ. ಅವಳ ಹೆಸರು ನನಗೆ ಆಮೇಲೆ ಗೊತ್ತಾಯಿತು. ಇನ್ನೊಬ್ಬಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದ, ತಲೆ ಅರ್ಧ ನೆರೆತ, ಹಸಿರು ಸೀರೆಯ ಹೆಂಗಸು. ಹೇಳದಿದ್ದರೂ ಯಾರೆಂದು ಗೊತ್ತಾಯಿತು. ಆ ಕೂತ ಭಂಗಿಯೇ ಸಾಕಿತ್ತು.

"ಸಾವಿತ್ರೀ, ತೇರಾ ಐತ್ವಾರ್ ಕಾ ಗಿರಾಕಿ ಆಯಾ," ಎಂದಳು ಚಾಂದಬಿ, ನಮ್ಮನ್ನು ನೋಡಿ.

ಸಾವಿತ್ರಿಬಾಯಿ ತಲೆ ಎತ್ತಲಿಲ್ಲ. ಅವಳ ಮುಂದೆ ಹರಡಿದ ರಾಶಿಯನ್ನು ಬಿಟ್ಟು, ಹಿಂದೆ ಕೈ ಹಾಕಿ, ಗೋಣಿಚೀಲದ ಕೆಳಗಿನಿಂದ ಎರಡು ಚಿಪ್ಪು ತೆಗೆದಳು. ಮಾಪಣ್ಣ ಚೀಲ ಒಡ್ಡಿದ. ಅವಳು ಹಾಕಿದಳು. ಅಷ್ಟೂ ಒಂದೇ ಒಂದು ಶಬ್ದವಿಲ್ಲದೆ, ದಿನಾ ಹಲ್ಲುಜ್ಜುವಷ್ಟು ಸಲೀಸಾಗಿ ನಡೆಯಿತು. ಇಷ್ಟು ವರ್ಷ ಹೀಗೆ!

ಮಾಪಣ್ಣ ನಿಂತೇ ಇದ್ದ. ತುಟಿ ಅಲ್ಲಾಡಿತು, ಮಾತಿಲ್ಲ. ನನ್ನ ಕಡೆ ನೋಡಿದ. ನಾನು ಬೇಕೆಂದೇ ಬೇರೆ ಕಡೆ ಮುಖ ತಿರುಗಿಸಿದೆ. ಸಾವಿತ್ರಿಬಾಯಿಗೆ ಆಶ್ಚರ್ಯವಾಗಿರಬೇಕು, ಬಾಳೆ ಕೊಟ್ಟ ಮೇಲೂ ಗಿರಾಕಿ ಹೋಗಿಲ್ಲವೆಂದು ತಲೆ ಎತ್ತಿದಳು. ಇನ್ನೊಂದು ಗಳಿಗೆ ಹೀಗೇ ನಿಂತಿದ್ದರೆ ನಾನೇ ಬಾಯಿ ಬಿಡುತ್ತಿದ್ದೆನೇನೋ.

ಆಗ ಅವನು ಚೀಲದೊಳಗೆ ಕೈ ಹಾಕಿ ಒಂದು ಬಾಳೆ ಮುರಿದ. ಸಿಪ್ಪೆ ಬಿಡಲಿಲ್ಲ. ಹಲ್ಲಿನಿಂದ ಎಳೆದು ಕಿತ್ತು, ಒಳಗಿನದನ್ನು ಕಚ್ಚಿದ. ಮುಖ ಹಿಂಡಿತು. ನಡುರಸ್ತೆಯಲ್ಲಿ ಥೂ ಎಂದು ಉಗಿದು, ಗಂಟಲಿನ ನರ ಉಬ್ಬುವ ಹಾಗೆ ಕೂಗಿದ.

"ಕಾಯಿ ಅದಾವ ಇವು! ಕಾಯಿ ಕೊಟ್ಟೀದಿ! ವಾರಾ ವಾರಾ ನನಗ ಕಾಯಿನೇ ಕೊಡ್ತಿ!"

ಇಡೀ ಬಸ್ ಸ್ಟ್ಯಾಂಡು ಹೊರಳಿ ನೋಡಿತು. ಹೊರಡುತ್ತಿದ್ದ ಬಸ್ಸಿನ ಕಂಡಕ್ಟರ್ ಸೀಟಿ ಊದುವುದನ್ನು ನಿಲ್ಲಿಸಿ ಬಾಗಿಲಲ್ಲಿ ಜೋತುಬಿದ್ದು ನೋಡಿದ. ನಾನಂತೂ ಕಲ್ಲಾಗಿ ನಿಂತೆ. ಇವನಿಗೆ ಇಂಥ ದನಿ ಇದೆಯೇ? ಅದಕ್ಕಿಂತ, ಇದೇನು ಮಾತಾಡಿದ ಇವನು? ಇಷ್ಟು ವರ್ಷ ಕಾದು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿ, ಹೆಂಡತಿಯ ಮುಂದೆ ನಿಂತು ಬಾಳೆಕಾಯಿಗೆ ಜಗಳವೇ? ಕೈಯಾರೆ ಎಲ್ಲ ಕೆಡಿಸಿದ ಎಂದು ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಸಾವಿತ್ರಿಬಾಯಿ ಎದ್ದು ನಿಂತಳು. ಅವಳ ಕೈಯಲ್ಲಿ ಬಾಳೆ ಕತ್ತರಿಸುವ ಕುಡುಗೋಲು ಇತ್ತು. ಅದನ್ನು ಪಕ್ಕಕ್ಕೆ ಇಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಚಾಂದಬಿ ಅವಳ ರಟ್ಟೆ ಹಿಡಿದಳು.

"ಇಷ್ಟು ಅನ್ನಾಕ ಇಷ್ಟು ವರ್ಷ ಬೇಕಾತೇನ್ರಿ?" ಎಂದಳು ಸಾವಿತ್ರಿಬಾಯಿ.

ಮಾಪಣ್ಣನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅವಳು ನನ್ನ ಕಡೆ ತಿರುಗಿದಳು. ನಾನು ಯಾರೆಂದೂ ಕೇಳಲಿಲ್ಲ. ಹೇಳಲು ಒಬ್ಬರು ಸಿಕ್ಕರೆ ಸಾಕಾಗಿತ್ತು ಅನ್ನಿಸುತ್ತದೆ.

"ಅಕ್ಕಾರ, ಅವತ್ತು ಬಸ್ಸಿನ್ಯಾಗ ಕುಂತು ಏನರೆ ಅನ್ರಿ ಅಂತ ಕೇಳಿದ್ದೆ. ಇವರು ಬಾಳಿ ಕೊಟ್ರು. ದಾರ್ಯಾಗ ಹಸಿವಾಗಿ ಬಾಯಾಗ ಇಟ್ಕೊಂಡ್ರ ಅದೂ ಕಾಯಿ. ನನ್ನ ಕಡೀ ನೋಡೂದಂತೂ ಇರಲಿ, ಬಾಳಿನರೆ ಅದುಮಿ ನೋಡಿರಲಿಲ್ಲ. ಆಮ್ಯಾಲೆ ಇಲ್ಲಿ ಬರಾಕ ಶುರು ಮಾಡಿದ್ರು. ನಾನೂ ಕಾಯಿನೇ ಕೊಟ್ಟೆ. ಬ್ಯಾರೆ ಗಿರಾಕಿ ಆಗಿದ್ರ ಮರುದಿನ ಬಂದು ಬುಟ್ಟಿ ಒದ್ದು ಹೋಗ್ತಿದ್ರು. ಇವರು ಕಾಯಿ ಕೊಟ್ಟೀದಿ ಅಂತ ಜಗಳಕ್ಕರೆ ಬಾಯಿ ಬಿಡ್ತಾರೇನು ಅಂತ ನೋಡಿದೆ. ಬಿಡಲಿಲ್ಲ. ಮುಂದಿನ ವಾರ ಬಿಡ್ತಾರ ಅಂತ ಮತ್ತ ಕಾಯಿ ತಗದಿಟ್ಟೆ. ನನ್ನ ಕೂದಲ ಬೆಳ್ಳಗಾತು."

ಸ್ಟಾಫ್ ರೂಮಿನ ಮೇಜು ನೆನಪಾಯಿತು. ಹೊಸಬರ ಹಿಂಡಿದ ಮುಖ, ನಮ್ಮ ನಗು, ಪೇಪರಿನ ಕಟ್ಟು, ಬುಧವಾರದ ಹಣ್ಣು. ಈ ಹೆಂಗಸು ಪ್ರತಿ ವಾರ ಒಂದು ಪ್ರಶ್ನೆಯನ್ನು ಕೆಂಪು ಸಿಪ್ಪೆಯಲ್ಲಿ ಕಟ್ಟಿ ಕಳಿಸುತ್ತಿದ್ದಳು. ನಾವು ಅದನ್ನು ಮಾಗಿಸಿಕೊಂಡು ತಿಂದುಬಿಟ್ಟಿದ್ದೆವು.

ಮಾಪಣ್ಣನ ಕೈಯಲ್ಲಿ ಅರ್ಧ ಕಚ್ಚಿದ ಕಾಯಿ ಇನ್ನೂ ಇತ್ತು. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ನಾ ಆ ಮನಿಗಿ ಬರಂಗಿಲ್ಲ," ಎಂದಳು ಅವಳು. ಈಗ ದನಿ ಗಟ್ಟಿಯಾಗಿತ್ತು. "ಕರ್ಯಾಕ ಬಂದಿದ್ರ ಹಂಗ ಬಸ್ ಹತ್ರಿ."

"ನಾ ಕರ್ಯಾಕ ಬಂದಿಲ್ಲ," ಎಂದ ಮಾಪಣ್ಣ. "ನಾ ಇಲ್ಲಿಗಿ ಬರಾಕ ಬಂದೀನಿ. ಇಲ್ಲೇ ಇರಾಕ."

ಇದನ್ನು ಅವನು ಬಸ್ಸಿನಲ್ಲಿ ಬಾಯಿಪಾಠ ಮಾಡಿರಲಿಕ್ಕಿಲ್ಲ. ನನಗೂ ಹೇಳಿರಲಿಲ್ಲ. ಕುಸನೂರಿನ ಮನೆ, ಅಣ್ಣನ ಅಂಗಡಿ, ಸಾಕಿದ ಋಣ ಎಂದು ಜೀವಮಾನವೆಲ್ಲ ತಲೆಯ ಮೇಲೆ ಹೊತ್ತದ್ದನ್ನು ಆ ತಾಡಪತ್ರಿಯ ಕೆಳಗೆ ಇಳಿಸಿಬಿಟ್ಟ. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ತೆಗೆದು ನೋಡಿ ಅವನ ಮುಖ ಬಿಳಿಚಿತು. ಅಣ್ಣನೇ ಇರಬೇಕು. ನಾವು ಮೂವರು ಹೆಂಗಸರು ಅವನ ಮುಖವನ್ನೇ ನೋಡುತ್ತಿದ್ದೆವು. ಅಂಜಿಕೆ ಎಲ್ಲಿಗೂ ಹೋಗಿರಲಿಲ್ಲ, ಪೂರ್ತಿ ಅಲ್ಲೇ ಇತ್ತು. ಆದರೂ ಫೋನ್ ಕಿವಿಗೆ ಹಚ್ಚಿದ.

"ಅಣ್ಣಾ, ನಾ ಸಾವಿತ್ರಿ ಹಂತ್ಯಾಕ ಅದೀನಿ," ಎಂದ. ಆ ಕಡೆಯಿಂದ ಬಂದ ಬೈಗುಳ ನನ್ನವರೆಗೂ ಕೇಳಿಸುತ್ತಿತ್ತು. ಇವನು ಕಣ್ಣು ಮುಚ್ಚಿ ಕೇಳಿದ. "ಹೂಂ, ಸೊಕ್ಕಿನಾಕಿ. ಅವತ್ತು ಆಕಿ ಮಾಡಿದ್ದು ಬರೋಬರಿ ಇತ್ತು. ನಾ ಅನ್ಬೇಕಾಗಿತ್ತು, ಅನ್ನಲಿಲ್ಲ. ಈಗ ಅನ್ನಾಕತ್ತೀನಿ," ಎಂದು ಫೋನ್ ಇಟ್ಟ.

ಸಾವಿತ್ರಿಬಾಯಿ ಬರ್ರಿ ಅನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ. ಅವನ ಕೈಯಿಂದ ಚೀಲ ಕಸಿದುಕೊಂಡು, ಕಾಯಿಗಳನ್ನು ಹೊರಗೆ ಸುರಿದಳು. ಮುಂದಿನ ರಾಶಿಯಲ್ಲಿ ಒಂದೊಂದನ್ನೇ ಹೆಬ್ಬೆರಳಿನಿಂದ ಅದುಮಿ ನೋಡಿ ಎರಡು ಚಿಪ್ಪು ಆರಿಸಿ ತುಂಬಿದಳು. "ನೋಡೂಣು. ಮನ್ಯಾಗ ಇಟ್ಕೊಳ್ಳೂದು ಆಮ್ಯಾಲಿನ ಮಾತು. ನಿಮಗ ಅದುಮಿ ನೋಡಾಕೂ ಬರಂಗಿಲ್ಲ, ಮೊದಲ ಅದನ್ನ ಕಲೀರಿ. ಕೂಡ್ರಿ," ಎಂದು ಗೋಣಿಚೀಲದ ಒಂದು ಅಂಚು ಅವನ ಕಡೆ ಸರಿಸಿದಳು. ಮಾಪಣ್ಣ ಕೂತ. ಚಾಂದಬಿ ಮೂಗು ಒರೆಸಿಕೊಂಡು ನನಗೆ ಚಹಾ ತರಿಸಿದಳು. ನಾನು ಕುಡಿದದ್ದು ನೆನಪಿದೆ, ರುಚಿ ನೆನಪಿಲ್ಲ. ಮಧ್ಯಾಹ್ನದ ಬಸ್ಸಿಗೆ ನಾನೊಬ್ಬಳೇ ಹತ್ತಿದೆ. ಬಸ್ಸು ಹೊರಳುವಾಗ ನೋಡಿದರೆ ಅವನು ಒಂದು ಬಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಅದುಮುತ್ತಿದ್ದ. ಅವಳು ಏನೋ ಬೈಯುತ್ತಿದ್ದಳು.

ಸೋಮವಾರ ನಾವು ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ಬಾಗಿಲು ಟಕ್ ಅಂದಿತು. ಆ ಚಾಳಿ ಎಲ್ಲಿ ಹೋಗಬೇಕು! ಮಾಪಣ್ಣ ಒಳಗೆ ಬಂದು ಎರಡು ಚಿಪ್ಪು ಬಾಳೆಯನ್ನು ಮೇಜಿನ ಮೇಲಿಟ್ಟ. ಅವನ ಬಿಳಿ ಅಂಗಿಯ ತುಂಬ ಬಾಳೆಯ ಕರೆ ಇತ್ತು. ಬುರ್ಹಾನುದ್ದೀನ್ ಸಾಹೇಬರು ರೂಢಿಯಂತೆ ಎದ್ದು, ಬಾಳೆ ಎತ್ತಿಕೊಂಡು, ಪೇಪರಿನ ಕಟ್ಟಿನ ಕಡೆ ಹೊರಟರು.

"ಒಯ್ಯಬ್ಯಾಡ್ರಿ ಸಾಹೇಬ್ರ," ಎಂದ ಮಾಪಣ್ಣ. "ಇವತ್ತ ತಿನ್ರಿ."